ಈ ಪದಕ್ಕೆ ಇವತ್ತು ಯಾವ ಕೆಲಸ? ಇಂಗ್ಲಿಷ್ ವಾಕ್ಯದಲ್ಲಿ ಪಾರ್ಟ್ಸ್ ಆಫ್ ಸ್ಪೀಚ್ ಗುರುತಿಸುವ ಬಗೆ

ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ನಾನು ಕೆಲವು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಸುತ್ತಲಿನ ಕಾಫಿ ತೋಟಗಳಿಂದ ಬರುವವರು. ಒಂದು ದಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಉತ್ತರ ಪತ್ರಿಕೆ ತಂದು ಮುಂದೆ ಹಿಡಿದಳು. "ಮಿಸ್, ವಾಟರ್ ಅಂದ್ರೆ ನೌನ್ ಅಲ್ವಾ? ಮತ್ತೆ ಇದಕ್ಕೆ ಯಾಕೆ ತಪ್ಪು ಹಾಕಿದ್ದಾರೆ?"

ವಾಕ್ಯ ಹೀಗಿತ್ತು: "ವಿ ವಾಟರ್ ದಿ ಪ್ಲಾಂಟ್ಸ್ ಎವ್ರಿ ಮಾರ್ನಿಂಗ್." ನಾವು ದಿನಾ ಬೆಳಗ್ಗೆ ಗಿಡಗಳಿಗೆ ನೀರು ಹಾಕುತ್ತೇವೆ.

ತಪ್ಪು ಹಾಕಿದವರು ಸರಿಯಾಗಿಯೇ ಹಾಕಿದ್ದರು. ಆದರೆ ಹುಡುಗಿಯ ಸಿಟ್ಟಿಗೂ ಕಾರಣವಿತ್ತು. ಅವಳಿಗೆ ಒಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದ್ದರು. ವಾಟರ್, ಟೇಬಲ್, ಬುಕ್, ಇವೆಲ್ಲ ನೌನ್, ಅಂದರೆ ನಾಮಪದ. ಗೋ, ಈಟ್, ರನ್, ಇವೆಲ್ಲ ವರ್ಬ್, ಅಂದರೆ ಕ್ರಿಯಾಪದ. ಪಟ್ಟಿ ಕಲಿತ ಮಗು ಪಟ್ಟಿಯನ್ನು ನಂಬುತ್ತದೆ. ಪಾರ್ಟ್ಸ್ ಆಫ್ ಸ್ಪೀಚ್ ಅಂದರೆ ಮಕ್ಕಳಿಗೆ ತಲೆನೋವಾಗುವುದು ಇಲ್ಲಿಂದಲೇ ಅಂತ ನನಗೆ ಅನ್ನಿಸುತ್ತದೆ.

ಅವಳಿಗೆ ನಾನು ತೋಟದ ಲೆಕ್ಕದಲ್ಲೇ ಹೇಳಿದೆ. ಬೆಳಗ್ಗೆ ತೋಟದಲ್ಲಿ ಹಾಜರಿ ಹಾಕುವಾಗ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಏನು ಮಾಡುತ್ತಾರೆ? ಒಬ್ಬೊಬ್ಬರಿಗೂ ಆ ದಿನದ ಕೆಲಸ ಹೇಳುತ್ತಾರೆ. ಇವತ್ತು ಕಾಫಿ ಕೊಯ್ಲಿಗೆ ಹೋದವರೇ ಇನ್ನೊಂದು ದಿನ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು ಹೋಗುತ್ತಾರೆ. ಮತ್ತೊಂದು ದಿನ ಕಣದಲ್ಲಿ ಕಾಫಿ ಹರವುತ್ತಾರೆ. ಆಳು ಅದೇ, ಕೆಲಸ ಬೇರೆ. ಹಾಜರಿ ಪುಸ್ತಕದಲ್ಲಿ ಬರೆಯುವುದು ಆ ದಿನದ ಕೆಲಸವನ್ನು. ಇಂಗ್ಲಿಷ್ ಪದವೂ ಹಾಗೆಯೇ. ನೌನ್, ವರ್ಬ್ ಅನ್ನುವುದು ಪದದ ಹುಟ್ಟುಗುಣವಲ್ಲ, ಆ ವಾಕ್ಯದಲ್ಲಿ ಅದಕ್ಕೆ ಸಿಕ್ಕಿದ ಕೆಲಸದ ಹೆಸರು. "ವಾಟರ್ ಈಸ್ ಕೋಲ್ಡ್" ಅಂದಾಗ ಅದು ನೀರು, ನೌನ್. "ವಿ ವಾಟರ್ ದಿ ಪ್ಲಾಂಟ್ಸ್" ಅಂದಾಗ ಅದು ನೀರು ಹಾಕುವುದು, ವರ್ಬ್.

ನಮಗೆ ಇದು ವಿಚಿತ್ರ ಅನ್ನಿಸುವುದಕ್ಕೆ ಒಂದು ಕಾರಣವಿದೆ. ಕನ್ನಡದಲ್ಲಿ ಪದದ ಕೆಲಸ ಏನೆಂಬುದು ಹೆಚ್ಚಾಗಿ ಅದರ ಬಾಲದಲ್ಲೇ ಬರೆದಿರುತ್ತದೆ. "ಆನೆ ಜೀಪನ್ನು ಅಟ್ಟಿಸಿಕೊಂಡು ಹೋಯಿತು" ಅನ್ನಿ. ತಿರುಗಿಸಿ "ಜೀಪನ್ನು ಆನೆ ಅಟ್ಟಿಸಿಕೊಂಡು ಹೋಯಿತು" ಅನ್ನಿ. ಓಡಿದ್ದು ಜೀಪೇ. "ಅನ್ನು" ಅನ್ನುವ ಬಾಲ ಜೀಪಿಗೆ ಅಂಟಿಕೊಂಡಿದೆ, ಅದು ಎಲ್ಲಿ ಕೂತರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ "ದಿ ಎಲಿಫೆಂಟ್ ಚೇಸ್ಡ್ ದಿ ಜೀಪ್" ಅನ್ನುವುದನ್ನು ತಿರುಗಿಸಿದರೆ ಜೀಪೇ ಆನೆಯನ್ನು ಅಟ್ಟಿಸಿಕೊಂಡು ಹೋದಂತೆ ಆಗುತ್ತದೆ. ಅಲ್ಲಿ ಹೆಸರುಪದಕ್ಕೆ ಅಂಥ ಬಾಲವಿಲ್ಲ, ಜಾಗವೇ ಎಲ್ಲವನ್ನೂ ಹೇಳಬೇಕು.

ನಮ್ಮ ಈ ಬಾಲದ ಪದ್ಧತಿ ಬಹಳ ಹಳೆಯದು. ಪಕ್ಕದ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಇದೆಯಲ್ಲ, ಸುಮಾರು ಕ್ರಿ.ಶ. 450ರದು ಎನ್ನುವ ಕನ್ನಡ ಶಾಸನ ಸಿಕ್ಕ ಊರು. ಎರಡು ಹಳ್ಳಿಗಳನ್ನು ದಾನವಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಅಲ್ಲಿ "ಹಲ್ಮಿಡಿ ಮತ್ತು ಮೂಳಿವಳ್ಳಿ" ಅಂತ ನಡುವೆ ಬೇರೆ ಪದ ಇಟ್ಟಿಲ್ಲ. ಎರಡೂ ಊರಿನ ಹೆಸರಿನ ಕೊನೆಗೆ "ಉಂ" ಅಂಟಿದೆ. ಇವತ್ತು ನಾವು "ಅಣ್ಣನೂ ತಮ್ಮನೂ ಬಂದರು" ಅನ್ನುವಾಗಿನ "ಊ" ಅದೇ. ಇಂಗ್ಲಿಷಿನವರು "ಅಂಡ್" ಅನ್ನುವ ಬಿಡಿ ಪದ ಇಟ್ಟು ಅದಕ್ಕೆ ಕಂಜಂಕ್ಷನ್ ಎಂದು ಹೆಸರು ಕೊಟ್ಟ ಕೆಲಸವನ್ನು ಕನ್ನಡ ಒಂದು ಬಾಲದಲ್ಲಿ ಮುಗಿಸಿತ್ತು. ಅದೇ ಶಾಸನದ "ಕೊಟ್ಟಾರ್" ಎಂಬ ಪದವನ್ನು ಒಂಟಿಯಾಗಿ ತೆಗೆದು ತೋರಿಸಿದರೂ ಅದು ಕ್ರಿಯಾಪದ ಎಂದು ನಮ್ಮ ಮಕ್ಕಳು ಹೇಳುತ್ತಾರೆ. "ವಾಟರ್" ಅನ್ನು ಒಂಟಿಯಾಗಿ ತೋರಿಸಿದರೆ ಯಾರೂ ಖಚಿತವಾಗಿ ಏನೂ ಹೇಳಲಾರರು.

ಹಾಗಾಗಿ ಪದಗಳನ್ನು ಎಷ್ಟು ಬಗೆಯಾಗಿ ವಿಂಗಡಿಸಬೇಕು ಎಂಬುದೂ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಸಂಸ್ಕೃತದಲ್ಲಿ ನಿರುಕ್ತ ಬರೆದ ಯಾಸ್ಕ ನಾಲ್ಕು ಬಗೆ ಹೇಳಿದ: ನಾಮ, ಆಖ್ಯಾತ (ಕ್ರಿಯಾಪದ), ಉಪಸರ್ಗ (ಪದದ ಮೊದಲಿಗೆ ಅಂಟುವುದು), ನಿಪಾತ ("ಚ", "ವಾ" ಇಂಥ ಬಿಡಿ ಪದ). ನಮ್ಮಲ್ಲಿ 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣ ಎಂಬ ಕನ್ನಡ ವ್ಯಾಕರಣದಲ್ಲಿ ನಾಮಕ್ಕೆ, ಆಖ್ಯಾತಕ್ಕೆ, ರೂಪ ಬದಲಿಸದ ಅವ್ಯಯಕ್ಕೆ ಬೇರೆ ಬೇರೆ ಪ್ರಕರಣ ಮಾಡಿದ. ಇಂಗ್ಲಿಷ್ ಪಾಠದಲ್ಲಿ ಕಲಿಸುವ ಎಂಟು ಬಗೆ ಅನ್ನುವ ಲೆಕ್ಕ ಗ್ರೀಕರದು. ಲ್ಯಾಟಿನ್ ಭಾಷೆಯಲ್ಲಿ ಆರ್ಟಿಕಲ್, ಅಂದರೆ ಇಂಗ್ಲಿಷಿನ "ಎ", "ದಿ" ಇಂಥವು, ಇರಲಿಲ್ಲ. ಆ ವ್ಯಾಕರಣಕಾರರು ಅದನ್ನು ಬಿಟ್ಟು ಇಂಟರ್ಜೆಕ್ಷನ್, ಅಂದರೆ ಉದ್ಗಾರದ ಪದ, ಸೇರಿಸಿ ಎಂಟನ್ನು ಎಂಟಾಗಿಯೇ ಉಳಿಸಿಕೊಂಡರು. ಗುಣ ಹೇಳುವ ಅಡ್ಜೆಕ್ಟಿವ್ ಆಗ ನೌನಿನ ಒಳಗೇ ಇತ್ತು. 1795ರಲ್ಲಿ ಲಿಂಡ್ಲಿ ಮರ್ರೆ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಒಂಬತ್ತು ಇದ್ದವು. ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಎಂಟು ಹೇಳುತ್ತಾರೆ, ಈಗಿನ ಕೆಲವು ಪುಸ್ತಕಗಳಲ್ಲಿ "ಎ", "ದಿ", "ಮೈ" ಇಂಥವನ್ನು ಡಿಟರ್ಮಿನರ್ ಅಂತ ಬೇರೆ ಇಡುತ್ತಾರೆ. ಸಂಖ್ಯೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೆಲಸ ಗೊತ್ತಾದರೆ ಹೆಸರು ತಾನಾಗಿ ಬರುತ್ತದೆ.

ಈಗ ಗುರುತಿಸುವ ಬಗೆಗೆ ಬರೋಣ. ನಾನು ಮಕ್ಕಳಿಗೆ ಮೊದಲು ವರ್ಬ್ ಹುಡುಕಿಸುತ್ತೇನೆ, ಅದು ಸಿಕ್ಕರೆ ಉಳಿದವು ಸಾಲಾಗಿ ಬರುತ್ತವೆ. "ವರ್ಬ್ ಅಂದರೆ ಕೆಲಸ ಹೇಳುವ ಪದ" ಅನ್ನುವ ವಿವರಣೆ ಮಾತ್ರ ನನಗೆ ಇಷ್ಟವಿಲ್ಲ. "ವರ್ಕ್" ಅನ್ನುವ ಪದ ಕೆಲಸವನ್ನೇ ಹೇಳುತ್ತದೆ, ಆದರೆ "ದಿ ವರ್ಕ್ ಈಸ್ ಓವರ್" ಅನ್ನುವಲ್ಲಿ ಅದು ನೌನ್. "ಈಸ್" ಯಾವ ಕೆಲಸವನ್ನೂ ಹೇಳುವುದಿಲ್ಲ, ಆದರೂ ವರ್ಬ್ ಅದೇ. ಅದಕ್ಕಿಂತ ಒಳ್ಳೆಯ ಉಪಾಯ ಕಾಲ ಬದಲಿಸುವುದು. ವಾಕ್ಯಕ್ಕೆ "ನಿನ್ನೆ" ಅಂದರೆ "ಯೆಸ್ಟರ್ಡೇ" ಸೇರಿಸಿ ನೋಡಿ. ಯಾವ ಪದ ರೂಪ ಬದಲಿಸಿತೋ ಅದು ವರ್ಬ್. "ವಿ ವಾಟರ್ಡ್ ದಿ ಪ್ಲಾಂಟ್ಸ್ ಯೆಸ್ಟರ್ಡೇ." ವಾಟರ್ ಬದಲಾಯಿತು, ಪ್ಲಾಂಟ್ಸ್ ಹಾಗೇ ಇದೆ. "ಈಸ್" ಇದ್ದದ್ದು "ವಾಸ್" ಆಗುತ್ತದೆ, ಅಲ್ಲಿಗೆ ಅದೂ ವರ್ಬ್. "ಕಟ್", "ಪುಟ್" ಇಂಥ ಕೆಲವು ನಿನ್ನೆಗೂ ಬದಲಾಗುವುದಿಲ್ಲ. ಆಗ "ಟುಮಾರೊ" ಹಾಕಿ. "ವಿಲ್" ಯಾವುದರ ಹಿಂದೆ ಬಂದು ಕೂರುತ್ತದೆ ನೋಡಿ.

"ಈಸ್" ಬಗ್ಗೆ ಇನ್ನೊಂದು ಮಾತು. "ಗಿಡ ಚಿಕ್ಕದು", "ಇದು ನಮ್ಮ ತೋಟ" ಅನ್ನುವಾಗ ಕನ್ನಡಕ್ಕೆ ಕ್ರಿಯಾಪದ ಬೇಕಾಗಿಲ್ಲ. ಅದಕ್ಕೇ ನಮ್ಮ ಮಕ್ಕಳು "ದಿಸ್ ಅವರ್ ಎಸ್ಟೇಟ್" ಅಂತ ಬರೆದುಬಿಡುತ್ತಾರೆ. ಅದು ಅಜಾಗರೂಕತೆಯಲ್ಲ, ಅವರೊಳಗಿನ ಕನ್ನಡ ಸರಿಯಾಗಿ ಕೆಲಸ ಮಾಡುತ್ತಿದೆ ಅಷ್ಟೇ. ಇಂಗ್ಲಿಷಿನಲ್ಲಿ ಮಾತ್ರ ಪೂರ್ತಿ ವಾಕ್ಯ ಅಂದಮೇಲೆ ಸಾಮಾನ್ಯವಾಗಿ ವರ್ಬ್ ಇರಲೇಬೇಕು ಎಂದು ಹೇಳಿಕೊಟ್ಟರೆ ಸಾಕು.

ವರ್ಬ್ ಆದಮೇಲೆ ನೌನ್. ಹಿಂದೆ "ದಿ", "ಎ", "ಮೈ" ಹಾಕಲು ಬರುತ್ತದೆಯೇ ನೋಡಿ. ದಿ ಯಾರ್ಡ್, ಎ ಬ್ಯಾಗ್, ಮೈ ಅಂಬ್ರೆಲಾ. ಆದರೆ ಕೊನೆಯ "ಎಸ್" ಅಕ್ಷರವನ್ನು ನಂಬಿಕೊಂಡು ಕೂರಬೇಡಿ. ಅಲ್ಲೊಂದು ಗುಂಡಿ ಇದೆ. "ಎಸ್" ನೌನಿಗೆ ಹತ್ತಿದರೆ ಬಹುವಚನ, ವರ್ಬಿಗೆ ಹತ್ತಿದರೆ ಅದನ್ನು ಮಾಡುವವರು ಒಬ್ಬರೇ ಎಂಬ ಸೂಚನೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ನಮ್ಮಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಬೀಳುತ್ತದಲ್ಲ, ಆಗಿನ ಒಂದು ಸಾಲು ನೋಡಿ: "ಕಾಫಿ ಫ್ಲವರ್ಸ್ ಆಫ್ಟರ್ ದಿ ರೇನ್." ಇದು ಒಂದು ಫೋಟೋದ ಕೆಳಗಿದ್ದರೆ "ಮಳೆಯ ನಂತರದ ಕಾಫಿ ಹೂವುಗಳು", ಫ್ಲವರ್ಸ್ ನೌನ್. ಪಾಠದ ನಡುವೆ ಪೂರ್ತಿ ವಾಕ್ಯವಾಗಿ ಬಂದರೆ "ಮಳೆಯ ನಂತರ ಕಾಫಿ ಹೂ ಬಿಡುತ್ತದೆ", ಫ್ಲವರ್ಸ್ ವರ್ಬ್. ಅಕ್ಷರಗಳು ಒಂದೇ, ಸ್ಪೆಲಿಂಗ್ ಒಂದೇ. ಕನ್ನಡಕ್ಕೆ ತಿರುಗಿಸಿದ ಕೂಡಲೇ ಮಾತ್ರ ಎರಡು ಬೇರೆ ಬೇರೆ ಬಾಲ ಕಾಣಿಸಿಕೊಂಡವು.

ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಇದನ್ನೇ. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಅನ್ನುವವರಿದ್ದಾರೆ. ಸರಾಗವಾಗಿ ಮಾತಾಡುವ ಹಂತಕ್ಕೆ ಅದು ಸರಿ ಇರಬಹುದು. ಪಾರ್ಟ್ಸ್ ಆಫ್ ಸ್ಪೀಚ್ ಹುಡುಕುವಾಗ ಮಾತ್ರ ಕನ್ನಡದಷ್ಟು ಒಳ್ಳೆಯ ಸಲಕರಣೆ ನಮ್ಮ ಮಕ್ಕಳ ಕೈಯಲ್ಲಿ ಬೇರೆ ಇಲ್ಲ. ಇಂಗ್ಲಿಷ್ ಬಚ್ಚಿಟ್ಟದ್ದನ್ನು ಕನ್ನಡ ಬಾಲ ಹಚ್ಚಿ ತೋರಿಸುತ್ತದೆ.

ಎಲ್ಲಕ್ಕಿಂತ ಜಾಸ್ತಿ ಗೋಳು ಹೊಯ್ದುಕೊಳ್ಳುವ "ಇಂಗ್" ಅನ್ನೇ ತೆಗೆದುಕೊಳ್ಳಿ. "ಇಂಗ್ ಇದ್ದರೆ ವರ್ಬ್" ಅಂತ ಮಕ್ಕಳು ಗಟ್ಟಿ ಮಾಡಿಕೊಂಡಿರುತ್ತಾರೆ. ಮೂರು ವಾಕ್ಯ ನೋಡಿ.

"ಶಿ ಈಸ್ ಪಿಕಿಂಗ್ ಕಾಫಿ." ಅವಳು ಕಾಫಿ ಕೊಯ್ಯುತ್ತಿದ್ದಾಳೆ.

"ಪಿಕಿಂಗ್ ಕಾಫಿ ಈಸ್ ಹಾರ್ಡ್ ವರ್ಕ್." ಕಾಫಿ ಕೊಯ್ಯುವುದು ಕಷ್ಟದ ಕೆಲಸ.

"ದಿ ವುಮನ್ ಪಿಕಿಂಗ್ ಕಾಫಿ ಈಸ್ ಮೈ ಆಂಟ್." ಕಾಫಿ ಕೊಯ್ಯುತ್ತಿರುವ ಆ ಹೆಂಗಸು ನನ್ನ ಚಿಕ್ಕಮ್ಮ.

ಇಂಗ್ಲಿಷಿನಲ್ಲಿ ಮೂರು ಕಡೆಯೂ "ಪಿಕಿಂಗ್" ಒಂದೇ. ಕನ್ನಡದಲ್ಲಿ ಕೊಯ್ಯುತ್ತಿದ್ದಾಳೆ, ಕೊಯ್ಯುವುದು, ಕೊಯ್ಯುತ್ತಿರುವ. ಬಾಲಗಳನ್ನು ನೋಡಿದರೆ ಸಾಕು. "ಆಳೆ" ಎಂದು ಮುಗಿದದ್ದು ಕ್ರಿಯಾಪದ. "ಉದು" ಎಂದು ಮುಗಿದದ್ದು ಹೆಸರಿನ ಹಾಗೆ ಕೂತಿದೆ, ಇಂಗ್ಲಿಷಿನವರು ಇದನ್ನು ಜೆರಂಡ್ ಅನ್ನುತ್ತಾರೆ. "ಇರುವ" ಎಂದದ್ದು ಮುಂದಿನ ಹೆಂಗಸನ್ನು ಬಣ್ಣಿಸುತ್ತಿದೆ, ಅದು ಪಾರ್ಟಿಸಿಪಲ್, ಅಡ್ಜೆಕ್ಟಿವ್ ಮಾಡುವ ಕೆಲಸವನ್ನೇ ಮಾಡುತ್ತದೆ. ಹೈಸ್ಕೂಲಿನ ಮಕ್ಕಳು ವರ್ಷಗಟ್ಟಲೆ ಒದ್ದಾಡುವ ಈ ಮೂರರ ವ್ಯತ್ಯಾಸ, ಒಂದನೇ ಕ್ಲಾಸಿಗೂ ಹೋಗದ ಮಗುವಿನ ಬಾಯಲ್ಲಿ ಆಗಲೇ ತಪ್ಪಿಲ್ಲದೆ ಇದೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಬಹಳ ಸಂತೋಷವಾಗಿತ್ತು.

"ದಟ್" ಕೂಡ ಇದೇ ರೀತಿ. "ದಟ್ ಎಸ್ಟೇಟ್" ಅಂದರೆ ಆ ತೋಟ. "ದಟ್ ಈಸ್ ಅವರ್ ಎಸ್ಟೇಟ್" ಅಂದರೆ ಅದು ನಮ್ಮ ತೋಟ. "ಐ ನೋ ದಟ್ ಹಿ ಕೇಮ್" ಅಂದರೆ ಅವನು ಬಂದನೆಂದು ನನಗೆ ಗೊತ್ತು. ಆ, ಅದು, ಎಂದು. ಮೊದಲನೆಯದು ಅಡ್ಜೆಕ್ಟಿವ್ ಅಥವಾ ಡಿಟರ್ಮಿನರ್, ಎರಡನೆಯದು ಪ್ರೊನೌನ್, ಮೂರನೆಯದು ಕಂಜಂಕ್ಷನ್. "ಹರ್" ಅನ್ನುವುದು "ಅವಳ" ಆದರೆ ಮೊದಲನೆಯ ಬಗೆ, "ಅವಳನ್ನು" ಆದರೆ ಎರಡನೆಯ ಬಗೆ.

"ಆಫ್ಟರ್" ಅನ್ನೂ ಹೀಗೇ ಒರೆಗೆ ಹಚ್ಚಬಹುದು. "ಆಫ್ಟರ್ ದಿ ರೇನ್" ಅಂದರೆ ಮಳೆಯ ನಂತರ. "ಆಫ್ಟರ್" ಆದಮೇಲೆ ಬರಿಯ ಹೆಸರು ಇದೆ, ಆದ್ದರಿಂದ ಪ್ರಿಪೊಸಿಷನ್. "ಆಫ್ಟರ್ ದಿ ರೇನ್ ಸ್ಟಾಪ್ಡ್" ಅಂದರೆ ಮಳೆ ನಿಂತ ಮೇಲೆ. ಇಲ್ಲಿ ಅದರ ಜೊತೆ ಇನ್ನೊಂದು ವರ್ಬ್ ಸಮೇತ ವಾಕ್ಯವೇ ಬಂದಿದೆ, ಆದ್ದರಿಂದ ಕಂಜಂಕ್ಷನ್. ಪ್ರಿಪೊಸಿಷನ್‌ಗೆ ನಮ್ಮ ಕೆಲವು ಪುಸ್ತಕಗಳಲ್ಲಿ "ಉಪಸರ್ಗ" ಎಂದು ಬರೆಯುತ್ತಾರೆ. ಅದು ಮಕ್ಕಳನ್ನು ದಾರಿ ತಪ್ಪಿಸುವ ಹೆಸರು. ಸಂಸ್ಕೃತದಲ್ಲಿ ಉಪಸರ್ಗ ಅಂದರೆ ಪ್ರ, ಪರಾ, ಅಪ ಎಂದು ಪದಕ್ಕೇ ಅಂಟುವವು. ಇಂಗ್ಲಿಷ್ ಪ್ರಿಪೊಸಿಷನ್ ಮಾಡುವ ಕೆಲಸ ನಮ್ಮಲ್ಲಿ "ಅಲ್ಲಿ", "ಇಂದ", "ಗೆ" ಎಂಬ ವಿಭಕ್ತಿಗಳದು ಮತ್ತು "ಮೇಲೆ", "ಕೆಳಗೆ" ಇಂಥ ಪದಗಳದು. ವ್ಯತ್ಯಾಸ ಇಷ್ಟೇ, ಅವರು ಹೆಸರಿಗಿಂತ ಮೊದಲು ಇಡುತ್ತಾರೆ, ನಾವು ಆಮೇಲೆ ಇಡುತ್ತೇವೆ. ಅವರ "ಇನ್ ದಿ ಬ್ಯಾಗ್", ನಮ್ಮ "ಚೀಲದಲ್ಲಿ". ಹಿಡಿದುಕೊಳ್ಳಲು ಹೆಸರೇ ಇಲ್ಲದಿದ್ದರೆ ಅದೇ ಪದ ಸಾಮಾನ್ಯವಾಗಿ ಅಡ್ವರ್ಬ್, ಅಂದರೆ ಕೆಲಸ ಹೇಗೆ, ಎಲ್ಲಿ, ಯಾವಾಗ ಎಂದು ಹೇಳುವ ಪದ, ಆಗುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋದವರು "ವಿ ವೆಂಟ್ ಅಪ್ ದಿ ಹಿಲ್" ಅಂದರೆ "ಅಪ್" ಪ್ರಿಪೊಸಿಷನ್. "ವಿ ವೆಂಟ್ ಅಪ್" ಅಂತ ಅಷ್ಟಕ್ಕೇ ನಿಲ್ಲಿಸಿದರೆ ಅಡ್ವರ್ಬ್.

ಅಡ್ಜೆಕ್ಟಿವ್ ಹುಡುಕುವುದು ಸುಲಭ. "ದಿ" ಮತ್ತು ನೌನ್ ನಡುವೆ ಕೂರುತ್ತದೆ, "ಈಸ್" ಆದಮೇಲೂ ಕೂರುತ್ತದೆ, ಹಿಂದೆ "ವೆರಿ" ಹಾಕಿದರೆ ಹೆಚ್ಚಾಗಿ ಒಪ್ಪಿಕೊಳ್ಳುತ್ತದೆ. ದಿ ರೈಪ್ ಚೆರ್ರಿ, ದಿ ಚೆರ್ರಿ ಈಸ್ ರೈಪ್, ವೆರಿ ರೈಪ್. ಅಡ್ವರ್ಬ್ ಹಾಗಲ್ಲ, ಅದು ವಾಕ್ಯದಲ್ಲಿ ಓಡಾಡುತ್ತದೆ. "ಸ್ಲೋಲಿ ಶಿ ಗಾಟ್ ಅಪ್", "ಶಿ ಸ್ಲೋಲಿ ಗಾಟ್ ಅಪ್", "ಶಿ ಗಾಟ್ ಅಪ್ ಸ್ಲೋಲಿ", ಮೂರೂ ಸರಿ. ಕೊನೆಯ "ಲಿ" ನೋಡಿ ಅಡ್ವರ್ಬ್ ಅನ್ನುವುದು ಅರ್ಧ ಸತ್ಯ. "ಲಿ" ತೆಗೆದು ನೋಡಿ. ಉಳಿದದ್ದು ಅಡ್ಜೆಕ್ಟಿವ್ ಆದರೆ, ಅಂದರೆ ಸ್ಲೋ, ಕ್ವಿಕ್, ಆಗ ಹೆಚ್ಚಾಗಿ ಅದು ಅಡ್ವರ್ಬ್. ಉಳಿದದ್ದು ನೌನ್ ಆದರೆ, ಅಂದರೆ ಫ್ರೆಂಡ್, ಆಗ "ಫ್ರೆಂಡ್ಲಿ" ಅಡ್ಜೆಕ್ಟಿವ್.

ಇದರಲ್ಲಿ ಒಂದು ಪದದ ಬಗ್ಗೆ ಎಚ್ಚರ ಬೇಕು. ಒಬ್ಬ ಹುಡುಗ ಅಪ್ಪನ ಬಗ್ಗೆ ಪ್ರಬಂಧ ಬರೆದಿದ್ದ. ಅಪ್ಪ ತುಂಬ ಕಷ್ಟಪಟ್ಟು ದುಡಿಯುತ್ತಾರೆ ಅನ್ನುವುದಕ್ಕೆ "ಮೈ ಫಾದರ್ ಹಾರ್ಡ್ಲಿ ವರ್ಕ್ಸ್" ಎಂದು ಬರೆದ. "ಆಗಿ" ಅನ್ನುವಲ್ಲೆಲ್ಲ "ಲಿ" ಹಚ್ಚಬೇಕು ಎಂದು ಕಲಿತಿದ್ದ, ಪಾಪ. ಆ ವಾಕ್ಯದ ಅರ್ಥ "ಅಪ್ಪ ಕೆಲಸವನ್ನೇ ಮಾಡುವುದಿಲ್ಲ" ಎನ್ನುವ ಹಾಗೆ ಆಗುತ್ತದೆ. ಇಂಗ್ಲಿಷಿನಲ್ಲಿ "ಹಾರ್ಡ್" ತಾನೇ ಅಡ್ಜೆಕ್ಟಿವ್, ತಾನೇ ಅಡ್ವರ್ಬ್. "ಮೈ ಫಾದರ್ ವರ್ಕ್ಸ್ ಹಾರ್ಡ್" ಎಂದು ತಿದ್ದಿ ಬರೆಸಿದೆ. "ಫಾಸ್ಟ್" ಕೂಡ ಇದೇ ಗುಂಪಿನದು.

ಇಂಟರ್ಜೆಕ್ಷನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. "ಅಯ್ಯೋ", "ಆಹಾ" ಇದ್ದ ಹಾಗೆ, ವಾಕ್ಯಕ್ಕೆ ಅಂಟದೆ ಬೇರೆಯಾಗಿ ನಿಲ್ಲುತ್ತದೆ.

ಈಗ ಒಂದು ಪೂರ್ತಿ ವಾಕ್ಯ ಬಿಡಿಸೋಣ. "ದಿ ಪಿಕರ್ಸ್ ರೆಸ್ಟ್ ಇನ್ ದಿ ಶೇಡ್ ಆಫ್ಟರ್ ಎ ಹಾರ್ಡ್ ಡೇ, ಬಟ್ ದಿ ರೈಟರ್ ಸ್ಟಿಲ್ ವರ್ಕ್ಸ್ ಹಾರ್ಡ್." ಕಷ್ಟದ ದಿನ ಮುಗಿದ ನಂತರ ಕೊಯ್ಲಿನವರು ನೆರಳಿನಲ್ಲಿ ದಣಿವಾರಿಸಿಕೊಳ್ಳುತ್ತಾರೆ, ಆದರೆ ರೈಟರ್ ಇನ್ನೂ ಕಷ್ಟಪಟ್ಟು ಕೆಲಸ ಮಾಡುತ್ತಿರುತ್ತಾರೆ.

ಇದರಲ್ಲಿ ರೆಸ್ಟ್, ಶೇಡ್, ವರ್ಕ್ಸ್, ಸ್ಟಿಲ್, ಹಾರ್ಡ್ ಎಲ್ಲವೂ ಬೇರೆ ವಾಕ್ಯಗಳಲ್ಲಿ ಬೇರೆ ಕೆಲಸ ಮಾಡಬಲ್ಲವು. ಆದ್ದರಿಂದ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೊದಲು ನಿನ್ನೆಗೆ ಕಳಿಸಿ. "ರೆಸ್ಟ್" ಹೋಗಿ "ರೆಸ್ಟೆಡ್" ಆಗುತ್ತದೆ, "ವರ್ಕ್ಸ್" ಹೋಗಿ "ವರ್ಕ್ಡ್" ಆಗುತ್ತದೆ. ಎರಡು ವರ್ಬ್ ಸಿಕ್ಕವು, ಅಂದರೆ ಇಲ್ಲಿ ಎರಡು ವಾಕ್ಯ ಜೋಡಿಯಾಗಿವೆ. ಜೋಡಿಸಿದ "ಬಟ್" ಕಂಜಂಕ್ಷನ್. "ದಿ", "ಎ" ಎಲ್ಲೆಲ್ಲಿ ಇವೆಯೋ ಅಲ್ಲಿಂದ ಮುಂದೆ ನಡೆದರೆ ಪಿಕರ್ಸ್, ಶೇಡ್, ಡೇ, ರೈಟರ್ ಎಂಬ ನಾಲ್ಕು ನೌನ್ ಸಿಗುತ್ತವೆ. "ಎ" ಮತ್ತು "ಡೇ" ನಡುವೆ ಕೂತ ಮೊದಲ "ಹಾರ್ಡ್" ಅಡ್ಜೆಕ್ಟಿವ್, ಕಷ್ಟದ ದಿನ. ಕೊನೆಯ "ಹಾರ್ಡ್" ಹೇಗೆ ಕೆಲಸ ಮಾಡುತ್ತಾರೆ ಎಂದು ಹೇಳುತ್ತದೆ, ಕಷ್ಟಪಟ್ಟು, ಆದ್ದರಿಂದ ಅಡ್ವರ್ಬ್. "ಸ್ಟಿಲ್" ಅಂದರೆ ಇನ್ನೂ, ಅದೂ ಅಡ್ವರ್ಬ್. "ಸ್ಟಿಲ್ ವಾಟರ್" ಅಂದಿದ್ದರೆ ನಿಂತ ನೀರು, ಆಗ ಅಡ್ಜೆಕ್ಟಿವ್ ಆಗುತ್ತಿತ್ತು. "ಇನ್" ಶೇಡನ್ನು ಹಿಡಿದಿದೆ, "ಆಫ್ಟರ್" ಡೇಯನ್ನು ಹಿಡಿದಿದೆ, ಎರಡೂ ಪ್ರಿಪೊಸಿಷನ್.

ಕನ್ನಡದ ಉಪಾಯ ಕೈಕೊಡುವ ಜಾಗವನ್ನೂ ಹೇಳಿಬಿಡುತ್ತೇನೆ. "ಐ ಲೈಕ್ ಕಾಫಿ" ಅನ್ನುವುದು ನಮ್ಮಲ್ಲಿ "ನನಗೆ ಕಾಫಿ ಇಷ್ಟ". "ಐ ನೋ" ಅನ್ನುವುದು "ನನಗೆ ಗೊತ್ತು". ಇಷ್ಟ, ಗೊತ್ತು ಇವುಗಳಿಗೆ ಕ್ರಿಯಾಪದದ ಬಾಲವೇ ಇಲ್ಲ. ಕನ್ನಡವನ್ನಷ್ಟೇ ನೋಡಿದರೆ "ಲೈಕ್" ನೌನ್ ಎಂದು ಬರೆದುಬಿಡಬಹುದು. ಮನಸ್ಸಿಗೆ, ಮೈಗೆ ಸಂಬಂಧಿಸಿದ ಮಾತುಗಳಲ್ಲಿ ಕನ್ನಡ "ನನಗೆ" ಎಂದು ಶುರು ಮಾಡುತ್ತದೆ, ಇಂಗ್ಲಿಷ್ "ಐ" ಎಂದು. ವಾಕ್ಯ "ನನಗೆ" ಎಂದು ತಿರುಗಿದರೆ ಕನ್ನಡದ ಬಾಲ ಬಿಟ್ಟು ನಿನ್ನೆಯ ಪರೀಕ್ಷೆಗೆ ಹೋಗಿ. "ಲೈಕ್" ಹೋಗಿ "ಲೈಕ್ಡ್" ಆಗುತ್ತದೆ, "ನೋ" ಹೋಗಿ "ನ್ಯೂ" ಆಗುತ್ತದೆ. ಎರಡೂ ಬದಲಾದವು, ಎರಡೂ ವರ್ಬ್.

ಕೆಲವು ದಿನ ಬಿಟ್ಟು ಅದೇ ಹುಡುಗಿ "ಶೇಡ್" ಹಾಕಿ ಮೂರು ವಾಕ್ಯ ಬರೆದು ತಂದಳು. "ವಿ ಸಿಟ್ ಇನ್ ದಿ ಶೇಡ್", ಇದಕ್ಕೆ ನೌನ್ ಎಂದು ಬರೆದಿದ್ದಳು. "ದಿ ಟ್ರೀಸ್ ಶೇಡ್ ದಿ ಕಾಫಿ", ಮರಗಳು ಕಾಫಿಗೆ ನೆರಳು ಕೊಡುತ್ತವೆ, ಇದಕ್ಕೆ ವರ್ಬ್ ಎಂದು ಬರೆದಿದ್ದಳು. ಮೂರನೆಯದು "ದಿಸ್ ಈಸ್ ಎ ಶೇಡ್ ಟ್ರೀ." ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದಳು.

ಅವಳು ಅನುಮಾನಪಟ್ಟದ್ದು ಸರಿಯಾದ ಜಾಗದಲ್ಲೇ. ಟ್ರೀಯನ್ನು ಬಣ್ಣಿಸುತ್ತದೆ, ಆದ್ದರಿಂದ ಅಡ್ಜೆಕ್ಟಿವ್ ಅನ್ನುವ ಶಾಲಾ ವ್ಯಾಕರಣಗಳಿವೆ. ಆದರೆ "ವೆರಿ ಶೇಡ್ ಟ್ರೀ" ಅನ್ನಲು ಬರುವುದಿಲ್ಲ. "ದಿ ಟ್ರೀ ಈಸ್ ಶೇಡ್" ಅನ್ನಲೂ ಬರುವುದಿಲ್ಲ. ಅಡ್ಜೆಕ್ಟಿವಿನ ಎರಡೂ ಪರೀಕ್ಷೆಯಲ್ಲಿ ಅದು ಸೋಲುತ್ತದೆ. ನೌನೇ ಇನ್ನೊಂದು ನೌನಿಗಿಂತ ಮೊದಲು ನಿಂತು ಸಹಾಯ ಮಾಡುತ್ತಿದೆ ಅನ್ನುವುದು ಸರಿಯಾದ ಉತ್ತರ ಎಂದು ನಾನು ನಂಬುತ್ತೇನೆ. ಕನ್ನಡದಲ್ಲಿ "ಕಾಫಿ ತೋಟ", "ಮಳೆ ನೀರು" ಅನ್ನುವಾಗ ಎರಡು ನಾಮಪದ ಸೇರಿ ಸಮಾಸ ಆಗುವುದಿಲ್ಲವೇ, ಹಾಗೆ. ಪರೀಕ್ಷೆಯಲ್ಲಿ ಕೇಳಿದರೆ ನಿಮ್ಮ ಪಠ್ಯಪುಸ್ತಕ ಏನು ಹೇಳುತ್ತದೋ ಅದನ್ನು ಬರೆ, ಅಂಕ ಹೋಗಬಾರದು ಎಂದೆ. ಅವಳು ತಲೆ ಅಲ್ಲಾಡಿಸಿದಳು, ಪ್ರಶ್ನೆ ಚಿಹ್ನೆ ಅಳಿಸಿದಳು, ಆ ಜಾಗದಲ್ಲಿ "ನೌನ್" ಎಂದೇ ಬರೆದಳು.